ಜಯಶೀಲಕ್ಕನ ಅತ್ತೆ ಫಾರಂ

ಮಗು ಮಲಗಿದೆ. ಎಂಟು ತಿಂಗಳ ಸಮನ್ವಿತಾ ಮಧ್ಯಾಹ್ನ ಎಷ್ಟು ಹೊತ್ತು ಮಲಗುತ್ತಾಳೆಂದು ಯಾರೂ ಹೇಳಲಾರರು. ಹಾಗಾಗಿ ಮುಖ್ಯವಾದದ್ದನ್ನು ಮೊದಲೇ ಬರೆದುಬಿಡುತ್ತೇನೆ: ನಿನ್ನೆ ಜರಗನಹಳ್ಳಿಗೆ ಹೋಗಿ ಜಯಶೀಲಕ್ಕನನ್ನು ನೋಡಿ ಬಂದೆ. ಆರು ವರ್ಷದ ಮೇಲೆ.

ಹೋಗಲು ಕಾರಣ ಪತ್ರಿಕೆಯ ಒಂದು ಸಣ್ಣ ಸುದ್ದಿ. ಜಗತ್ತಿನಲ್ಲಿ ಆಗುವ ಗರ್ಭಪಾತಗಳಲ್ಲಿ ನೂರಕ್ಕೆ ಸುಮಾರು ನಲವತ್ತೈದು ಸುರಕ್ಷಿತವಲ್ಲ ಎಂಬ ಅಂದಾಜು ಅದರಲ್ಲಿತ್ತು. ಬೇರೆಯವರಾದರೆ ಓದಿ ಪುಟ ತಿರುಗಿಸುತ್ತಿದ್ದರು. ನನಗೆ ಮಾತ್ರ ಬೊಮ್ಮನಹಳ್ಳಿಯ ಧೂಳು, ಬಿಸಿಲು, ಕೊಡೆ ಹಿಡಿದು ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿದ್ದ ಜಯಶೀಲಕ್ಕನ ಬೆನ್ನು ನೆನಪಾಯಿತು. ಇಂಥ ಅಂದಾಜುಗಳು ಆಕಾಶದಿಂದ ಉದುರುವುದಿಲ್ಲ. ಯಾರೋ ಒಬ್ಬಳು ಯಾರದೋ ಅಡುಗೆಮನೆಯಲ್ಲಿ ಕೂತು ಮೆಲ್ಲಗೆ ಕೇಳಿರುತ್ತಾಳೆ.

ನಾನು ಎಂ.ಎಸ್.ಡಬ್ಲ್ಯೂ. ಮುಗಿಸಿದ ವರ್ಷ ಅದು. ಹೊಸೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ಏಳುತ್ತಿದ್ದವು. ಜೆ.ಪಿ. ನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಚಿಕ್ಕ ಸಂಸ್ಥೆಯೊಂದು ಹೆಂಗಸರ ಆರೋಗ್ಯದ ಸರ್ವೆಗೆ ಜನ ತೆಗೆದುಕೊಳ್ಳುತ್ತಿತ್ತು. ಮೂರು ದಿನ ತರಬೇತಿ. ಹನ್ನೊಂದು ಗಂಟೆಗೆ ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಮೇಲೆ ಬಂದರೆ ನಮ್ಮಲ್ಲಿ ಯಾರ ಗಮನವೂ ಪಾಠದ ಮೇಲೆ ಇರುತ್ತಿರಲಿಲ್ಲ. ಪಾಠ ಹೇಳುತ್ತಿದ್ದವನು ನಚಿಕೇತ, ನಾವು ತರುವ ಉತ್ತರಗಳನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿಕೊಳ್ಳುವವನು. ನನಗಿಂತ ಎರಡೇ ವರ್ಷಕ್ಕೆ ದೊಡ್ಡವನು.

"ಸರಿಯಾದ ವಿಧಾನ, ತಿಳಿದವರ ಕೈ, ಎರಡೂ ಇದ್ರೆ ಸುರಕ್ಷಿತ" ಎಂದು ಅವನು ಬೋರ್ಡಿನ ಮೇಲೆ ಬರೆದ. "ಎರಡರಲ್ಲಿ ಒಂದೇ ಇದ್ರೆ ಕಡಿಮೆ ಸುರಕ್ಷಿತ. ಎರಡೂ ಇಲ್ಲ ಅಂದ್ರೆ ತುಂಬಾ ಅಪಾಯ. ಆದ್ರೆ ಎಷ್ಟೋ ದೇಶಗಳಲ್ಲಿ ಇದರ ಲೆಕ್ಕಾನೇ ಇಲ್ಲ. ಅಲ್ಲೆಲ್ಲ ಅಕ್ಕಪಕ್ಕದ ದೇಶ ನೋಡಿ ಅಂದಾಜು ಮಾಡ್ತಾರೆ."

ಹಿಂದಿನ ಸಾಲಿನಿಂದ ಒಂದು ಧ್ವನಿ ಬಂತು. "ಅಂದ್ರೆ ಪಕ್ಕದ ಮನೆ ಸಾರು ರುಚಿ ನೋಡಿ ನಮ್ಮನೆ ಸಾರಿಗೆ ಉಪ್ಪು ಎಷ್ಟಿದೆ ಅಂತ ಹೇಳೋದು."

ನಚಿಕೇತ ತಲೆ ಕೆರೆದುಕೊಂಡ. "ಒಂಥರಾ ಹಾಗೇ ಆಂಟಿ."

"ಸರಿ ಬಿಡಪ್ಪ, ನಮ್ಮನೆ ಉಪ್ಪಾದ್ರೂ ನಾವು ಸರಿಯಾಗಿ ಹೇಳೋಣ."

ಅವರೇ ಜಯಶೀಲಕ್ಕ. ಐವತ್ತರ ಆಸುಪಾಸು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಅದರ ನಡುವೆ ಕುಂಕುಮ, ಪಿನ್ನು ಹಾಕಿ ಬಿಗಿದ ಕಾಟನ್ ಸೀರೆ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ತಿಪಟೂರು ಕಡೆಯಿಂದ ಮದುವೆಯಾಗಿ ಬಂದವರು. ಯಜಮಾನರು ಗುರುಬಸಪ್ಪ ಜರಗನಹಳ್ಳಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದರು. ಪೋಲಿಯೊ ಹನಿ, ಮತದಾರರ ಪಟ್ಟಿ, ಜನಗಣತಿ, ಸೊಳ್ಳೆ ಸರ್ವೆ, ಮನೆಮನೆ ಹತ್ತಿ ಮಾಡುವ ಯಾವ ಕೆಲಸವನ್ನೂ ಜಯಶೀಲಕ್ಕ ಇಪ್ಪತ್ತು ವರ್ಷದಿಂದ ಬಿಟ್ಟಿರಲಿಲ್ಲ. "ಇವಳಿಗೆ ಗೊತ್ತಿಲ್ಲದ ಗೇಟು ಬನಶಂಕರಿಯಿಂದ ಮಡಿವಾಳದ ತನಕ ಇಲ್ಲ ಕಣಮ್ಮ, ನಾಯಿಗಳೂ ಬೊಗಳಲ್ಲ" ಎಂದು ಗುರುಬಸಪ್ಪನವರು ಹೆಮ್ಮೆಯನ್ನು ದೂರಿನ ದನಿಯಲ್ಲಿ ಹೇಳುತ್ತಿದ್ದರು.

ನನ್ನನ್ನು ಅವರ ಜೋಡಿ ಮಾಡಿದರು. ದಿನಾ ಬೆಳಿಗ್ಗೆ ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಸೇರಿ ಬೊಮ್ಮನಹಳ್ಳಿಗೆ ಹೋಗಲು ಸಿಲ್ಕ್ ಬೋರ್ಡ್ ಕಡೆಯ ಬಸ್ಸು ಹತ್ತುತ್ತಿದ್ದೆವು. ಅವರ ಕೆಲಸದ ರೀತಿ ಯಾವ ತರಬೇತಿಯ ಪುಸ್ತಕದಲ್ಲೂ ಇರಲಿಲ್ಲ. ಬಾಗಿಲಲ್ಲಿ ನಿಂತು ಉತ್ತರ ತುಂಬುವ ಟ್ಯಾಬ್ ತೆಗೆಯಬಾರದು. ಮೊದಲು ಕುಡಿಯಲು ನೀರು ಕೇಳಬೇಕು. ಕೂರಲು ಕುರ್ಚಿ ಕೊಟ್ಟರೂ ನೆಲದ ಮೇಲೆ ಕೂರಬೇಕು. ಪ್ರಶ್ನೆಪತ್ರಿಕೆಯಲ್ಲಿದ್ದ 'ಪ್ರೇರಿತ ಗರ್ಭಪಾತ' ಎಂಬುದನ್ನು ಬಾಯಿಗೆ ತರಲೇಬಾರದು. "ಎಷ್ಟು ಸಲ ನಿಂತಿತ್ತಮ್ಮ? ಅದರಲ್ಲಿ ಎಷ್ಟು ಕೈಗೆ ಬಂತು? ಉಳಿದದ್ದು ಹೇಗಾಯ್ತು?" ಎಂದು ಕೇಳಿ ಸುಮ್ಮನಾಗಬೇಕು. ಆ ಸುಮ್ಮನಿರುವುದು ನನಗೆ ಬರುತ್ತಲೇ ಇರಲಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ನಮಗೆ ಹೇಳಿಕೊಂಡವರು ಆಮೇಲೆ ಎಲ್ಲಾದರೂ ಎದುರಾದರೆ ನಾವಾಗಿ ನಗಬಾರದು, ಮಾತಾಡಿಸಬಾರದು. ಮನೆಗಳಿಗೆ ನಂಬರು ಮಾತ್ರ, ಹೆಸರಿಲ್ಲ. ಒಮ್ಮೆ ಬಿಟಿಎಂ ತರಕಾರಿ ಅಂಗಡಿಯಲ್ಲಿ ನಾನು ಒಬ್ಬಳನ್ನು ನೋಡಿ ಹಲ್ಲು ಕಿರಿದೆ. ಜಯಶೀಲಕ್ಕ ನನ್ನ ಮೊಣಕೈ ಹಿಡಿದು ಬದನೆಕಾಯಿಯ ಕಡೆ ತಿರುಗಿಸಿದರು. "ಅವಳ ಪಕ್ಕದಲ್ಲಿರೋದು ಅವಳ ಓರಗಿತ್ತಿ ಇರ್ಬಹುದು. 'ಯಾರೇ ಅವರು' ಅಂತ ಕೇಳಿದ್ರೆ ಅವಳೇನು ಹೇಳ್ಬೇಕು, ಹೇಳು?"

ಎಲ್ಲಕ್ಕಿಂತ ದೊಡ್ಡ ತೊಡಕು ಮನೆಯಲ್ಲಿರುವ ಅತ್ತೆ. ಸೊಸೆಯನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕು ಎಂಬುದು ನಿಯಮ. ಆದರೆ ಬೊಮ್ಮನಹಳ್ಳಿಯ ಎರಡು ಕೋಣೆಯ ಮನೆಯಲ್ಲಿ ಒಂಟಿಯಾಗಿರುವುದು ಎಲ್ಲಿಂದ ಬರಬೇಕು? ಇದಕ್ಕೆ ಜಯಶೀಲಕ್ಕ ತಾವೇ ಒಂದು ದಾರಿ ಮಾಡಿಕೊಂಡಿದ್ದರು. ನಲವತ್ತು ಪ್ರಶ್ನೆಗಳ ಒಂದು ಫಾರಂ. ತಾವೇ ಬರೆದು ಜೆರಾಕ್ಸ್ ಮಾಡಿಸಿದ್ದು. ಮೇಲೆ ದೊಡ್ಡದಾಗಿ 'ಹಿರಿಯರ ಮಂಡಿನೋವು ಮತ್ತು ಹಿಂದಿನ ಬಾಣಂತನ' ಎಂದು. ನಾವಿಬ್ಬರೂ ಅದನ್ನು ಅತ್ತೆ ಫಾರಂ ಎನ್ನುತ್ತಿದ್ದೆವು. ನಾನು ಒಳಗೆ ಸೊಸೆಯ ಹತ್ತಿರ ಟ್ಯಾಬ್ ತೆರೆದರೆ ಅವರು ಹೊರಗೆ ಜಗಲಿಯ ಮೇಲೆ ಅತ್ತೆಯನ್ನು ಹಿಡಿದು ಕೂರುತ್ತಿದ್ದರು. ಎಡ ಮಂಡಿಯೋ ಬಲ ಮಂಡಿಯೋ? ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ? ನಿಮ್ಮ ಚೊಚ್ಚಲ ಬಾಣಂತನದಲ್ಲಿ ಖಾರ ಕುಟ್ಟಿದವರು ಯಾರು?

"ಇದು ಸುಳ್ಳಲ್ವಾ ಅಕ್ಕ?" ಎಂದು ನಾನು ಮೊದಲ ವಾರ ಕೇಳಿದ್ದೆ.

"ಏನು ಸುಳ್ಳು? ನಿಜವಾಗ್ಲೂ ಕೇಳ್ತೀನಿ, ನಿಜವಾಗ್ಲೂ ಬರ್ಕೋತೀನಿ. ಅವರ ಮಂಡಿ ಬಗ್ಗೆ ಯಾರಾದ್ರೂ ಇಷ್ಟು ವಿಚಾರಿಸಿರೋದು ಇದೇ ಮೊದಲು ಕಣೆ. ಕೆಲವರು ಅಳ್ತಾರೆ."

ಹದಿನೇಳನೇ ಮನೆಗೆ ಹೋದದ್ದು ಒಂದು ಶುಕ್ರವಾರ. ಅತ್ತೆ ಪಾರ್ವತಮ್ಮ, ಎಪ್ಪತ್ತು ವರ್ಷದ ಗಟ್ಟಿ ಮುದುಕಿ, ಕಿವಿ ಸ್ವಲ್ಪ ಮಂದ, ಬೊಮ್ಮನಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು. ಸೊಸೆಗೆ ಇಪ್ಪತ್ತಾರು. ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿದ್ದಳು. ತೊಡೆಯ ಮೇಲೆ ಹತ್ತು ತಿಂಗಳ ಕೂಸು. ಹೊರಗೆ ಜಯಶೀಲಕ್ಕ ಎಡ ಮಂಡಿಗೆ ಶುರುಮಾಡಿದರು. ಒಳಗೆ ನಾನು ಕೇಳಿ, ಅವತ್ತು ಹೇಗೋ ಸುಮ್ಮನಿದ್ದೆ.

ಅವಳು ಒಲೆಯ ಕಡೆ ನೋಡಿಕೊಂಡೇ ಹೇಳಿದಳು. ಕೂಸು ಇನ್ನೂ ಹಾಲು ಬಿಟ್ಟಿಲ್ಲ, ಅಷ್ಟರಲ್ಲಿ ಮತ್ತೆ ನಿಂತಿತ್ತು. ಮೆಡಿಕಲ್ ಶಾಪಿನಲ್ಲಿ ಯಾರದೋ ಕೈಲಿ ಮಾತ್ರೆ ತರಿಸಿದಳು. ಹೇಗೆ ತೆಗೆದುಕೊಳ್ಳಬೇಕೆಂದು ಯಾರೂ ಹೇಳಲಿಲ್ಲ. "ಹನ್ನೆರಡು ದಿನ ಆಯ್ತಕ್ಕ, ರಕ್ತ ನಿಂತಿಲ್ಲ. ಸಾಯಂಕಾಲ ಆದ್ರೆ ಮೈ ಬಿಸಿ ಆಗ್ತದೆ."

ನಮ್ಮ ಬಳಿ ಸರ್ಕಾರಿ ಆಸ್ಪತ್ರೆಗೆ ಕಳಿಸುವ ಚೀಟಿ ಇರುತ್ತಿತ್ತು. ಬರೆದು ಕೊಟ್ಟೆ. ಈವತ್ತೇ ಹೋಗಿ, ಗಂಡನ ಸಹಿ ಬೇಕಾಗಿಲ್ಲ, ಆಸ್ಪತ್ರೆಯವರು ಯಾರಿಗೂ ಹೇಳುವಂತಿಲ್ಲ, ಅದು ಕಾನೂನು ಎಂದೆ.

"ಅದು ಆಸ್ಪತ್ರೆ ಅಕ್ಕ, ಮನೆ ಬೇರೆ. ನಾನು ಹೋದ್ರೆ ಕೂಸನ್ನ ನೋಡ್ಕೊಳ್ಳೋದು ಅತ್ತೆ. ಯಾಕೆ ಹೋಗ್ತೀಯ ಅಂದ್ರೆ ಏನು ಹೇಳ್ಲಿ? ಬಂದ ಜೀವ ಕಳೆದವಳು ಅಂತ ನನ್ನ ಕೈಯಿಂದ ನೀರೂ ಕುಡಿಯಲ್ಲ ಅವರು. ನೀವೂ ಹೇಳ್ಬೇಡಿ, ನಿಮ್ಮ ಕಾಲು ಹಿಡೀತೀನಿ."

ಟ್ಯಾಬಿನ ಕೊನೆಯ ಪುಟದಲ್ಲಿ ಫೋನ್ ನಂಬರು ಕೇಳುತ್ತಿತ್ತು. ಹತ್ತು ಅಂಕಿ ತುಂಬದೆ ಪುಟ ಮುಂದೆ ಹೋಗುವುದಿಲ್ಲ. ಅವಳ ಫೋನು ಕೆಟ್ಟಿತ್ತು. ಅಷ್ಟು ಹೊತ್ತಿಗೆ ಮಂಡಿಯ ವಿಚಾರ ಮುಗಿಸಿ ಸಂತೋಷವಾಗಿ ಒಳಗೆ ಬಂದ ಪಾರ್ವತಮ್ಮ, "ನಂದೇ ಬರ್ಕಳವ್ವ" ಎಂದು ತಮ್ಮ ನಂಬರನ್ನು ಎರಡೆರಡು ಅಂಕಿಯಾಗಿ ಗಟ್ಟಿಯಾಗಿ ಹೇಳತೊಡಗಿದರು. ಕಾಫಿ ಕೊಟ್ಟು, ಕುಂಕುಮ ಕೊಟ್ಟ ಹಿರಿಯರು ಹೇಳುತ್ತಿರುವಾಗ ಬೇಡ ಎನ್ನುವುದು ಹೇಗೆ? ಮರ್ಯಾದೆಗೆ ಬರೆದುಕೊಂಡೆ. ಕಳಿಸುವ ಗುಂಡಿ ಒತ್ತಿದೆ.

ಬಸ್ಸಿನಲ್ಲಿ ಎಲ್ಲ ಹೇಳಿದೆ. ಜಯಶೀಲಕ್ಕ ಜ್ವರದ ವಿಷಯವನ್ನು ಎರಡು ಸಲ ಕೇಳಿದರು. ಆಮೇಲೆ, "ನಂಬರ್ ಏನು ಹಾಕ್ದೆ?" ಎಂದರು.

"ಅತ್ತೆಯವರದು."

ಅವರು ಹಣೆಗೆ ಕೈ ಹೊತ್ತುಕೊಂಡರು. "ಅವಳದೇ ಸ್ವಂತ ಫೋನ್ ಇಲ್ಲದಿದ್ರೆ ಒಂಬತ್ತನ್ನ ಹತ್ತು ಸಲ ಒತ್ತು ಅಂತ ಎಷ್ಟು ಸಲ ಹೇಳಿದೀನಿ ಸುರಭಿ!"

ಆಗ ನನಗೆ ಹೊಳೆಯಿತು. ಗರ್ಭ ತೆಗೆಸಿಕೊಂಡೆ ಎಂದವರ ಮನೆಗಳಿಗೆಲ್ಲ ಆಫೀಸಿನಿಂದ ಮತ್ತೆ ಕರೆ ಹೋಗುತ್ತದೆ, ನಾವು ನಿಜವಾಗಿ ಕೇಳಿದೆವೋ ಕೂತಲ್ಲೇ ತುಂಬಿದೆವೋ ಎಂದು ಪರೀಕ್ಷಿಸಲು. ಬ್ಯಾಕ್ ಚೆಕ್ ಎನ್ನುತ್ತಿದ್ದರು. ಆ ಕರೆ ಈಗ ಹೋಗುವುದು ಪಾರ್ವತಮ್ಮನ ಕೈಗೆ.

ಜಯಶೀಲಕ್ಕ ಅಲ್ಲೇ ನಚಿಕೇತನಿಗೆ ಫೋನ್ ಮಾಡಿದರು. ಪಟ್ಟಿ ಆಗಲೇ ಕರೆ ಮಾಡುವವರ ಕೈ ಸೇರಿತ್ತು. "ತೆಗೀಬಹುದು ಆಂಟಿ, ಆದ್ರೆ ಕಾರಣ ಬರೀಬೇಕು. ಮೇಲಿನವರು ನೋಡ್ತಾರೆ. ಏನಂತ ಬರೀಲಿ?"

ಕಾರಣ ಬರೆದರೆ ಅದೂ ನಾಲ್ಕು ಜನರ ಕಣ್ಣಿಗೆ. "ಏನಿಲ್ಲ ಬಿಡಪ್ಪ. ಕರೆ ಯಾವತ್ತು?" ಎಂದು ಮಾತ್ರ ಕೇಳಿದರು. ಸೋಮವಾರ ಬೆಳಿಗ್ಗೆ.

ಸೋಮವಾರ ಹತ್ತು ಗಂಟೆಗೆ ನಾವು ಹದಿನೇಳನೇ ಮನೆಯಲ್ಲಿದ್ದೆವು. ಬ್ಯಾಕ್ ಚೆಕ್ ಮುಗಿಯುವವರೆಗೆ ಆ ಮನೆಗೆ ಕಾಲಿಡಬಾರದೆಂಬುದು ಇಬ್ಬರಿಗೂ ಗೊತ್ತಿತ್ತು. ಸೊಸೆ ಆಸ್ಪತ್ರೆಗೆ ಹೋಗಿರಲಿಲ್ಲ. ತುಟಿ ಬೆಳ್ಳಗಾಗಿತ್ತು. ನಮ್ಮನ್ನು ನೋಡಿ ಇನ್ನಷ್ಟು ಬೆಳ್ಳಗಾಯಿತು.

"ಅಜ್ಜಿ, ಬಲ ಮಂಡಿ ಕೇಳೋದು ಮರೆತೇಬಿಟ್ಟಿದ್ದೆ" ಎಂದು ಜಯಶೀಲಕ್ಕ ಚಾಪೆಯ ಮೇಲೆ ಕೂತರು. "ಹಂಗೇ ನನ್ನ ಫೋನ್ ಚಾರ್ಜ್ ಹೋಗಿದೆ. ನಿಮ್ಮದು ಒಂಚೂರು ಕೊಡ್ತೀರಾ?" ಕರೆ ಮುಗಿಯುವವರೆಗೆ ಫೋನನ್ನು ಕೈಯಲ್ಲಿಟ್ಟುಕೊಳ್ಳುವುದು ಅವರ ಯೋಚನೆ.

ಪಾರ್ವತಮ್ಮ ಎಲೆಅಡಿಕೆ ಚೀಲದಿಂದ ಫೋನ್ ತೆಗೆದರು. ಕೊಡಲು ಕೈ ಚಾಚಿದ್ದರು. ಅಷ್ಟರಲ್ಲಿ ಅದು ಹೊಡೆದುಕೊಂಡಿತು. ಕಿವಿ ಮಂದವಾದ್ದರಿಂದ ಅವರು ಎಲ್ಲ ಕರೆಗೂ ಸ್ಪೀಕರ್ ಒತ್ತುತ್ತಿದ್ದರು.

"ನಮಸ್ಕಾರ, ಮಹಿಳೆಯರ ಆರೋಗ್ಯ ಸರ್ವೆಯಿಂದ ಮಾತಾಡ್ತಿರೋದು" ಎಂದಿತು ಒಂದು ಹುಡುಗಿಯ ದನಿ. "ಹೋದ ವಾರ ನಿಮ್ಮ ಮನೆಗೆ ನಮ್ಮವರು ಬಂದಿದ್ರಾ?"

"ಬಂದಿದ್ರು ಕಣವ್ವ. ಈಗ್ಲೂ ಇಲ್ಲೇ ಕೂತವ್ರೆ, ಕಾಪಿ ಕುಡೀತಾವ್ರೆ."

ಜಯಶೀಲಕ್ಕ ಕಣ್ಣು ಮುಚ್ಚಿದರು. "ಹೌದಾ... ಸರಿ. ನಿಮ್ಮನ್ನ ಹೆರಿಗೆ ಎಷ್ಟು, ಗರ್ಭ ತೆಗೆಸಿಕೊಂಡಿದ್ದು ಏನಾದ್ರೂ ಇದೆಯಾ ಅಂತ ಕೇಳಿದ್ರಾ?"

ಅಡುಗೆಮನೆ ಬಾಗಿಲಲ್ಲಿ ಸೊಸೆ ಬಂದು ನಿಂತಿದ್ದಳು. ಸಂಡಿಗೆ ಎತ್ತುವ ಜಾಲರಿ ಕೈಯಲ್ಲಿತ್ತು.

"ಮಂಡಿ ಕೇಳುದ್ರು. ಅದ ಕೇಳ್ನಿಲ್ಲ" ಎಂದರು ಪಾರ್ವತಮ್ಮ. "ನೀನು ಕೇಳ್ತಿದೀಯಲ್ಲ, ಯೋಳ್ತೀನಿ ಬರ್ಕೊ. ನಾಕು ಹೆತ್ತೆ. ಎಲ್ಡು ತೆಗ್ಸುದೆ."

ಮೊದಲನೆಯದು ಊರ ಸೂಲಗಿತ್ತಿಯ ಕಷಾಯಕ್ಕೇ ಹೋಯಿತಂತೆ. ಎರಡನೆಯದಕ್ಕೆ ಅವಳೇ ಏನೋ ಬೇರು ಇಟ್ಟಳಂತೆ. ಎಂಟು ದಿನ ಕೊರೆಯುವ ಜ್ವರ. ಅದರಲ್ಲೇ ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಬದುವಿನ ಮೇಲೆ ಬಿದ್ದಿದ್ದರಂತೆ. "ನಮ್ಮತ್ತೆಗೆ ಯೋಳ್ಬೇಕು ಅಂತ ಬಾಯ್ತನಕ ಬರೋದು, ನುಂಗ್ಕಳೋದು. ಯೋಳಿದ್ರೆ ಒಂದು ಗಾಡಿನಾದ್ರೂ ಕಟ್ಸೋಳೇನೋ. ಯೋಳ್ನಿಲ್ಲ. ಆ ಯಮ್ಮನೂ ಒಂಟೋದ್ಲು."

"ಅಜ್ಜಿ... ನಿಮ್ಮ ವಯಸ್ಸು?"

"ಎಪ್ಪತ್ತು."

"ನಮ್ಮ ಸರ್ವೆ ನಲವತ್ತೊಂಬತ್ತು ವರ್ಷದವರೆಗೆ ಮಾತ್ರ ಅಜ್ಜಿ."

"ಅದಕ್ಕೆ ನಾನೇನ್ ಮಾಡ್ಲವ್ವ? ನೀನು ಲೇಟಾಗಿ ಫೋನ್ ಮಾಡ್ದೆ."

ಕರೆ ಕಟ್ಟಾಯಿತು. ಪಾರ್ವತಮ್ಮ ಫೋನನ್ನು ಚೀಲಕ್ಕೆ ಹಾಕಿ ತಲೆಯೆತ್ತಿದರು. ಸೊಸೆ ಅಲುಗದೆ ನಿಂತಿದ್ದಳು. "ಯಾಕಂಗ್ ನಿಂತ್ಕಂಡೆ? ಎಣ್ಣೆ ಕಾದು ಹೊಗೆ ಬತ್ತಾ ಅದೆ, ನೋಡೋಗು" ಎಂದರು.

ಹೊರಡುವಾಗ ಸೊಸೆ ಕುಂಕುಮದ ಬಟ್ಟಲು ಹಿಡಿದು ಬಂದಳು. ಜಯಶೀಲಕ್ಕ ಅವಳ ಕಿವಿಯ ಹತ್ತಿರ ಬಾಗಿ, "ಈವತ್ತೇ, ಕತ್ತಲಾಗೋ ಮುಂಚೆ" ಎಂದಷ್ಟೇ ಹೇಳಿದರು. ಅವಳು ಬಟ್ಟಲನ್ನು ನನ್ನ ಕಡೆ ಚಾಚಿದಳು.

ಮಧ್ಯಾಹ್ನ ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ನಚಿಕೇತನಿಗೆ ನಿಜವಾಗಿ ಬೇಜಾರಾಗಿತ್ತು. "ಬ್ಯಾಕ್ ಚೆಕ್ ಟೈಮಲ್ಲಿ ನೀವೇ ಆ ಮನೇಲಿ ಕೂತಿದ್ರೆ ಉತ್ತರ ಹೇಳಿಕೊಟ್ಟ ಹಾಗೆ ಆಗುತ್ತೆ ಆಂಟಿ. ವಯಸ್ಸೂ ತಾಳೆ ಇಲ್ಲ. ಏನಾಯ್ತು ಅಂತ ಹೇಳಿ, ಹಾಗೇ ಬರೀತೀನಿ. ನೀವು ಉಳ್ಕೋತೀರ."

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಜಯಶೀಲಕ್ಕನ ಕ್ಯಾನ್ವಾಸ್ ಶೂ ನನ್ನ ಪಾದದ ಮೇಲೆ ಬಂದು ಕೂತಿತು, ಭಾರವಾಗಿ.

"ಕಾಫಿ ಚೆನ್ನಾಗಿತ್ತು" ಎಂದರು ಜಯಶೀಲಕ್ಕ. "ಅದಕ್ಕೆ ಇವಳನ್ನೂ ಎಳ್ಕೊಂಡು ಮತ್ತೆ ಹೋಗಿದ್ದೆ. ತಪ್ಪಾಯ್ತು."

ಹದಿನೇಳನೇ ಮನೆಯನ್ನು ಪಟ್ಟಿಯಿಂದ ಅಳಿಸಿದರು. ಜಯಶೀಲಕ್ಕನನ್ನೂ. ಉಳಿದ ನಾಲ್ಕು ತಿಂಗಳು ನಾನು ಬೇರೆಯವರ ಜೊತೆ ಓಡಾಡಿ ಸರ್ಟಿಫಿಕೇಟ್ ತೆಗೆದುಕೊಂಡೆ. ಆ ಅತ್ತೆ, ಆ ಸೊಸೆ, ಇಬ್ಬರದೂ ಯಾವ ಅಂದಾಜಿನಲ್ಲೂ ಸೇರಲಿಲ್ಲ. ಮೊನ್ನೆ ಪತ್ರಿಕೆಯಲ್ಲಿ ನಲವತ್ತೈದು ಎಂದು ಓದಿದಾಗ ನನಗೆ ಮೊದಲು ಅನಿಸಿದ್ದು ಅದೇ. ಎರಡನೆಯದಾಗಿ ಅನಿಸಿದ್ದು, ಅವಳು ಏನಾದಳು? ನನ್ನ ಹೆರಿಗೆಯ ನಂತರ, ಸಂಜೆಯ ಹೊತ್ತು ನನಗೆ ಸ್ವಲ್ಪ ಮೈ ಬಿಸಿಯಾದರೂ ಅವಳ ಬೆಳ್ಳಗಿನ ತುಟಿ ಕಣ್ಣ ಮುಂದೆ ಬರುತ್ತಿತ್ತು. ನನ್ನ ಅತ್ತೆ ಥರ್ಮಾಮೀಟರ್ ಹಿಡಿದು ಓಡಿ ಬರುತ್ತಿದ್ದರು.

ನಿನ್ನೆ ಅಂಗಡಿಯಲ್ಲಿ ಜಯಶೀಲಕ್ಕ ಸಮನ್ವಿತಾಳನ್ನು ಎತ್ತಿಕೊಂಡು ಒಂದು ಸ್ಟೀಲ್ ಲೋಟ ಕೈಗೆ ಕೊಟ್ಟರು. ಅವಳು ಅದನ್ನು ಕಡಿಯುತ್ತ ಕೂತಳು. ಜಯಶೀಲಕ್ಕನ ಕೂದಲು ಪೂರ್ತಿ ನರೆತಿದೆ, ಮಾತು ನರೆತಿಲ್ಲ. ನಾನು ಆರು ವರ್ಷ ಹೊತ್ತುಕೊಂಡಿದ್ದ ಮಾತನ್ನು ಹೇಳಿದೆ. "ನಂಬರ್ ಹಾಕಿದ್ದು ನಾನು ಅಂತ ಅವತ್ತೇ ಹೇಳ್ಬೇಕಿತ್ತು ಅಕ್ಕ. ನಿಮ್ಮ ಕೆಲಸ ಹೋಯ್ತು."

"ಹೇಳಿದ್ರೆ, ಯಾಕೆ ಹಾಕಬಾರದಿತ್ತು ಅಂತ ಕೇಳ್ತಿದ್ರು. ಅದಕ್ಕೆ ಏನು ಹೇಳ್ತಿದ್ದೆ?" ಎಂದರು.

"ಆ ಹುಡುಗಿ..."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಹೋದ ವರ್ಷ ಗೌರಿ ಹಬ್ಬದ ಮುಂಚೆ ಒಬ್ಬ ಅಜ್ಜಿ ಅಂಗಡಿಗೆ ಬಂದಿದ್ರು, ಸೊಸೆ ಜೊತೆ. ನಾನು ಗುರುತಿಲ್ಲದವಳ ಥರ ಇಡ್ಲಿ ಪಾತ್ರೆ ತೋರಿಸ್ತಿದ್ದೆ. ಅಜ್ಜಿನೇ ಗುರುತು ಹಿಡಿದ್ರು. 'ಮಂಡಿ ಮೇಡಮ್ಮು ನೀವು!' ಅಂದ್ರು. ಆಮೇಲೆ ಹತ್ರ ಬಂದು ಹೇಳಿದ್ರು, ನಾವು ಅವತ್ತು ಎದ್ದು ಬಂದ್ಮೇಲೆ ಸೊಸೆ ಬಂದು ಕಾಲ ಹತ್ರ ಕೂತ್ಲಂತೆ. ಅಜ್ಜಿ ಕೂಸನ್ನ ಪಕ್ಕದ ಮನೇಲಿ ಬಿಟ್ಟು, ಆಟೋ ಹಿಡಿದು, ತಾನೇ ಆಸ್ಪತ್ರೆಗೆ ಕರ್ಕೊಂಡು ಹೋದ್ರಂತೆ. ಒಳಗೆ ಒಂಚೂರು ಉಳಿದುಕೊಂಡು ನಂಜಾಗಿತ್ತಂತೆ. ಐದು ದಿನ ಬೆಡ್ ಮೇಲೆ. ಅಜ್ಜಿ ಅಲ್ಲೇ ನೆಲದ ಮೇಲೆ ಮಲಗಿದ್ರಂತೆ, ಆ ಮಂಡಿ ಇಟ್ಕೊಂಡು."

"ನೀವೇನಂದ್ರಿ?"

"'ಯಾವ ವಿಷಯ ಅಜ್ಜಿ? ನಂಗೆ ಗೊತ್ತಿಲ್ಲ, ನಾನು ಮಂಡಿನೋವು ಕೇಳೋಕೆ ಬಂದಿದ್ದವಳು' ಅಂದೆ."

"ಅಯ್ಯೋ ಅಕ್ಕ, ಅವರೇ ಹೇಳ್ತಿದ್ದಾರಲ್ಲ!"

"ಅವರು ಹೇಳ್ಬಹುದು, ಅವರ ಮನೆ ಮಾತು. ನಾನು ಹೇಳೋ ಹಾಗಿಲ್ಲ. ಸೊಸೆ ಆ ಕಡೆ ತಿರುಗಿಕೊಂಡು ಇಡ್ಲಿ ತಟ್ಟೆ ನೋಡ್ತಿದ್ಲು. ತುಂಬಾ ಹೊತ್ತು ನೋಡಿದ್ಲು ಕಣೆ."

ಅಷ್ಟು ಹೇಳುವಾಗಲೂ ಅವರು ಆ ಮನೆಯ ನಂಬರಾಗಲಿ ಅಜ್ಜಿಯ ಹೆಸರಾಗಲಿ ಬಾಯಿಗೆ ತರಲಿಲ್ಲ. ಅಲ್ಲಿ ಅವರ ಪಕ್ಕದಲ್ಲೇ ಕೂತು ಕಾಫಿ ಕುಡಿದಿದ್ದ ನನ್ನೆದುರಿಗೂ.

ಮನೆಗೆ ಬಂದು ಆ ವರ್ಷದ ಡೈರಿ ಹುಡುಕಿದೆ. ಆ ಶುಕ್ರವಾರದ ಪುಟದಲ್ಲಿ ಎಲ್ಲ ಇತ್ತು. ಬೀದಿ, ಬಾಗಿಲಿನ ಬಣ್ಣ, ಅವಳ ಹೆಸರು ಕೂಡ. ಸಮನ್ವಿತಾ ದೊಡ್ಡವಳಾಗಿ ಓದಬಹುದು, ರದ್ದಿಯವನ ಕೈ ಸೇರಬಹುದು. ಮಾರ್ಕರ್ ತಂದು ಒಂದೊಂದನ್ನೇ ಹೊಡೆದುಹಾಕಿದೆ, ಮಸಿ ಹಿಂದಿನ ಪುಟಕ್ಕೆ ಇಳಿಯುವವರೆಗೆ. ಇಲ್ಲಿ ಬರೆದ ಹದಿನೇಳು ಆ ಮನೆಯ ನಂಬರಲ್ಲ. ಪಾರ್ವತಮ್ಮ ಎಂಬುದೂ ಅವರ ಹೆಸರಲ್ಲ.